ಹಿಂಸಾದಾನದ ವ್ಯಾಪಾರ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದ ಪಾಪಪ್ರವೃತ್ತಿಯಿಂದ ಹಿಂದೆ ಸರಿಯುವುದೇ ಈ ಗುಣವ್ರತದ ತಿರುಳು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಧಾರ್ಮಿಕ ಪಾಠಶಾಲೆಯ ಮಕ್ಕಳು ಈ ಐದನ್ನೂ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮೊದಲಾದ ವಧೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು ಹಿಂಸಾದಾನ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿಷ, ಮುಳ್ಳು, ಹಗ್ಗ, ಚಾವಟಿಗಳನ್ನೂ ಎಣಿಸುತ್ತಾರೆ. ಪಕ್ಕದ ಮನೆಯವರು ಸೌದೆ ಒಡೆಯಲು ಕೊಡಲಿ ಕೇಳಿದರೆ ಕೊಡಬಾರದೇ ಎಂದು ತರಗತಿಯಲ್ಲಿ ಒಬ್ಬ ಹುಡುಗನಾದರೂ ಕೇಳಿಯೇ ಕೇಳುತ್ತಾನೆ. ಎಲ್ಲರೂ ನಗುತ್ತಾರೆ, ಪಾಠ ಮುಂದಕ್ಕೆ ಹೋಗುತ್ತದೆ.

ಆದರೆ ಆ ಪ್ರಶ್ನೆಯ ಹಿಂದೆ ಅದಕ್ಕಿಂತ ದೊಡ್ಡದೊಂದು ಪ್ರಶ್ನೆ ನಿಂತಿದೆ. ಪುಕ್ಕಟೆಯಾಗಿ ಕೊಟ್ಟರೇ ದೋಷವೆಂದಾದಲ್ಲಿ ಬೆಲೆ ಪಡೆದು ಕೊಟ್ಟರೆ ಏನು? ಒಂದು ಕೊಡಲಿಯಲ್ಲ, ಹಡಗು ತುಂಬ ಬಂದೂಕುಗಳನ್ನು, ಕೊಳ್ಳುವವನ ಮುಖವನ್ನೂ ನೋಡದೆ ಮಾರಿದರೆ?

ಇಲ್ಲಿ ಜಾಣತನದ ವಾದವೊಂದಕ್ಕೆ ಎಡೆಯಿದೆ. ವ್ರತದ ಹೆಸರೇ ಅನರ್ಥದಂಡ. ನಿಷೇಧವಿರುವುದು ಅರ್ಥವಿಲ್ಲದ ಹಿಂಸೆಗೆ ಮಾತ್ರ. ಮಾರುವವನಿಗೆ ಲಾಭವೆಂಬ ಅರ್ಥವಿದೆ, ಸಂಸಾರವಿದೆ, ನೂರಾರು ಕೆಲಸಗಾರರ ಅನ್ನವಿದೆ. ಆದ್ದರಿಂದ ವ್ಯಾಪಾರಿಯನ್ನು ಈ ವ್ರತ ಮುಟ್ಟುವುದಿಲ್ಲ ಎಂಬುದು ಆ ವಾದ. ಶಾಸ್ತ್ರಕಾರರು ಇದನ್ನು ಊಹಿಸಿರಲಿಲ್ಲ ಎಂದು ತಿಳಿಯಬೇಕಿಲ್ಲ. ಶ್ವೇತಾಂಬರ ಆಗಮಗಳಲ್ಲೊಂದಾದ ಉಪಾಸಕದಶಾಂಗದಲ್ಲಿ ಆನಂದನೆಂಬ ಗೃಹಪತಿಯ ವೃತ್ತಾಂತವಿದೆ. ಅವನ ಭಂಡಾರದಲ್ಲಿ ನಾಲ್ಕು ಕೋಟಿ, ವ್ಯಾಪಾರದಲ್ಲಿ ನಾಲ್ಕು ಕೋಟಿ, ಮನೆಯ ವೈಭವದಲ್ಲಿ ನಾಲ್ಕು ಕೋಟಿ ಹೊನ್ನು ಇತ್ತಂತೆ. ಭಗವಾನ್ ಮಹಾವೀರರು ಅವನಿಗೆ ವ್ಯಾಪಾರವನ್ನೇ ಬಿಡು ಎನ್ನಲಿಲ್ಲ. ಶ್ರಾವಕನಾದವನು ಕೈಹಾಕಬಾರದ ಹದಿನೈದು ಕರ್ಮಾದಾನಗಳನ್ನು, ಎಂದರೆ ಘೋರ ಪಾಪವನ್ನು ತರುವ ಕಸುಬುಗಳನ್ನು, ಹೆಸರಿಸಿ ಹೇಳಿದರು. ದಿಗಂಬರ ಪರಂಪರೆಯಲ್ಲಿ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇವನ್ನೇ ಖರಕರ್ಮಗಳೆಂದು ಕರೆದರು. ಅವುಗಳಲ್ಲಿ ವಿಷವಾಣಿಜ್ಯ ಒಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸುವಾಗ ವಿಷದ ಜೊತೆಗೇ ಅಸ್ತ್ರವನ್ನು ಇಟ್ಟಿದ್ದಾರೆ. ಅದೇ ಪಟ್ಟಿಯಲ್ಲಿ ನೇಗಿಲೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬೆಳಗಾವಿ ಸೀಮೆಯ ಸಾವಿರಾರು ಜೈನ ಒಕ್ಕಲುಮನೆಗಳು ನೇಗಿಲನ್ನೇ ನಂಬಿ ಬದುಕಿವೆ. ಆನಂದನಿಗೂ ಐನೂರು ನೇಗಿಲುಗಳಷ್ಟು ಭೂಮಿಯಿತ್ತು. ಆದ್ದರಿಂದ ಪಟ್ಟಿಯನ್ನು ಅಕ್ಷರಕ್ಕೆ ಅಕ್ಷರ ಹಿಡಿದು ಕೂರುವುದಕ್ಕಿಂತ, ವಿಷವನ್ನೂ ಆಯುಧವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದೇಕೆ ಎಂದು ಯೋಚಿಸುವುದು ಲೇಸು. ಎರಡೂ ಮಾರಿದವನ ಅಂಕೆಯಲ್ಲಿ ಉಳಿಯುವುದಿಲ್ಲ. ಎರಡಕ್ಕೂ ಬೇಡಿಕೆ ಹುಟ್ಟುವುದು ಭಯದಿಂದ ಅಥವಾ ದ್ವೇಷದಿಂದ. ಹಸಿವಿನಿಂದ ಯಾರೂ ಬಂದೂಕು ಕೊಳ್ಳುವುದಿಲ್ಲ.

ಭಯವನ್ನು ಬಿತ್ತಿ ಬೆಳೆ ತೆಗೆಯುವ ಕಲೆಯನ್ನು ಆಧುನಿಕ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಬೆಸಿಲ್ ಝಹರಾಫ್ ಮುಖ್ಯನಾದವನು. 1849ರಲ್ಲಿ ತುರ್ಕಿಯ ಮುಗ್ಲಾ ಎಂಬಲ್ಲಿ ಗ್ರೀಕ್ ಕುಟುಂಬವೊಂದರಲ್ಲಿ ಹುಟ್ಟಿದ ಈತ 1877ರಲ್ಲಿ ನಾರ್ಡನ್‌ಫೆಲ್ಟ್ ಎಂಬ ಶಸ್ತ್ರ ತಯಾರಿಕಾ ಸಂಸ್ಥೆಯ ಪ್ರತಿನಿಧಿಯಾದ. ಆ ಸಂಸ್ಥೆ ಆಗ ನೀರಿನೊಳಗೆ ಚಲಿಸುವ ನೌಕೆಯೊಂದನ್ನು ನಿರ್ಮಿಸಿತ್ತು. ಅದರ ವಿನ್ಯಾಸಕ ಇಂಗ್ಲೆಂಡಿನ ಒಬ್ಬ ಪಾದ್ರಿ ಎಂಬುದು ಯೋಚನೆಗೆ ಹಚ್ಚುವ ಸಂಗತಿ. 1886ರಲ್ಲಿ ಅದು ಗ್ರೀಸ್ ದೇಶಕ್ಕೆ ಮಾರಾಟವಾಯಿತು. ಗ್ರೀಸ್ ಬಳಿ ಒಂದಿದೆಯೆಂದಮೇಲೆ ಅದರ ವೈರಿ ತುರ್ಕಿ ಸುಮ್ಮನಿರಲಾದೀತೇ? ತುರ್ಕಿ ಎರಡನ್ನು ಕೊಂಡಿತು. ಕರಿಸಮುದ್ರದ ಆಚೆ ದಡದ ರಷ್ಯಾಕ್ಕೆ ತುರ್ಕಿಯ ಭಯ. ಅಲ್ಲಿಗೂ ಒಂದು ನೌಕೆ ಹೊರಟಿತು. ದಾರಿಯಲ್ಲಿ 1888ರಲ್ಲಿ ಡೆನ್ಮಾರ್ಕಿನ ಕರಾವಳಿಯಲ್ಲಿ ನೆಲಕ್ಕೆ ತಾಗಿ ಕೆಟ್ಟಿತು, ರಷ್ಯಾ ಹಣ ಕೊಡಲು ಒಪ್ಪಲಿಲ್ಲ. ಆ ನೌಕೆಗಳು ನೀರಿನೊಳಗೆ ನೆಟ್ಟಗೆ ನಿಲ್ಲುತ್ತಲೂ ಇರಲಿಲ್ಲ. ಸಮತೋಲ ತಪ್ಪಿ ಮುಂದಕ್ಕೋ ಹಿಂದಕ್ಕೋ ವಾಲುತ್ತಿದ್ದವು. ಅಂದರೆ ಮಾರಾಟವಾದದ್ದು ರಕ್ಷಣೆಯೂ ಅಲ್ಲ, ಒಬ್ಬರ ಭಯ ಇನ್ನೊಬ್ಬರಿಗೆ.

ಮುಂದೆ ಝಹರಾಫ್ ಬ್ರಿಟನ್ನಿನ ವಿಕರ್ಸ್ ಸಂಸ್ಥೆಯ ಪ್ರಮುಖನಾದ. ಮೊದಲ ಮಹಾಯುದ್ಧ ಮುಗಿಯುವ ವೇಳೆಗೆ ಯೂರೋಪಿನ ಅತ್ಯಂತ ಶ್ರೀಮಂತರಲ್ಲಿ ಒಬ್ಬನೆನಿಸಿದ್ದ. ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಉನ್ನತ ಗೌರವಗಳನ್ನು ಅವನಿಗೆ ನೀಡಿದವು. ಪ್ಯಾರಿಸ್, ಲಂಡನ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳಲ್ಲಿ ಅವನ ಹಣದಿಂದ ಅಧ್ಯಯನ ಪೀಠಗಳು ಸ್ಥಾಪನೆಯಾದವು. ಆಕ್ಸ್‌ಫರ್ಡಿನದು ಫ್ರೆಂಚ್ ಸಾಹಿತ್ಯದ ಪೀಠ. ಜನ ಮಾತ್ರ ಅವನನ್ನು ಮೃತ್ಯುವಿನ ವರ್ತಕನೆಂದು ಕರೆದರು. 1936ರಲ್ಲಿ ಮಾಂಟೆ ಕಾರ್ಲೋದಲ್ಲಿ ತೀರಿಕೊಂಡ.

ದಾನದಿಂದ ಗಳಿಕೆಯ ಕಲೆ ತೊಳೆದುಹೋಗುವುದೇ ಎಂಬುದು ಜೈನ ಗೃಹಸ್ಥನಿಗೆ ಹೊಸ ಪ್ರಶ್ನೆಯಲ್ಲ. ಆಶಾಧರರು ಗೃಹಸ್ಥನ ಗುಣಗಳನ್ನು ಎಣಿಸಲು ತೊಡಗಿದಾಗ ಮೊತ್ತಮೊದಲು ಹೇಳಿದ್ದು ದಾನವನ್ನಲ್ಲ, ಪೂಜೆಯನ್ನಲ್ಲ. ನ್ಯಾಯದಿಂದ ಧನವನ್ನು ಸಂಪಾದಿಸುವುದನ್ನು. ಹೇಮಚಂದ್ರರ ಮೂವತ್ತೈದು ಗುಣಗಳ ಪಟ್ಟಿಯೂ ನ್ಯಾಯಸಂಪನ್ನ ವೈಭವದಿಂದಲೇ ಆರಂಭವಾಗುತ್ತದೆ. ಎರಡು ಪರಂಪರೆಗಳ ಇಬ್ಬರು ವಿದ್ವಾಂಸರು ಒಂದೇ ಮೆಟ್ಟಿಲಿನಿಂದ ಹೊರಟಿದ್ದಾರೆ. ಆ ಮೆಟ್ಟಿಲನ್ನು ಬಿಟ್ಟು ನೇರವಾಗಿ ದಾನದ ಮೆಟ್ಟಿಲಿಗೆ ಹಾರಿದವನ ಹೆಸರು ಶಿಲಾಫಲಕದಲ್ಲಿ ಉಳಿಯಬಹುದು, ಅಷ್ಟೆ.

ಶಸ್ತ್ರ ವ್ಯಾಪಾರಿ ಸಾಮಾನ್ಯವಾಗಿ ಹೇಳಿಕೊಳ್ಳುವ ಸಮಾಧಾನವೊಂದಿದೆ: ಕೊಂದವನು ನಾನಲ್ಲ, ನನಗೆ ಯಾರ ಮೇಲೂ ಕೋಪವಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಓದಿದವರಿಗೆ ಈ ಸಮಾಧಾನ ನಿಲ್ಲುವುದಿಲ್ಲ. ಕರ್ಮಾಸ್ರವಕ್ಕೆ ಆಧಾರವಾಗುವ ಅಧಿಕರಣವನ್ನು ಅಲ್ಲಿ ಲೆಕ್ಕಹಾಕಿರುವ ರೀತಿ ಬೆರಗು ಹುಟ್ಟಿಸುವಂಥದು. ಕಾರ್ಯಕ್ಕೆ ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಒಟ್ಟುಗೂಡಿಸುವುದು ಸಮಾರಂಭ, ಕಾರ್ಯವನ್ನು ತೊಡಗುವುದು ಆರಂಭ. ಈ ಮೂರೂ ಮನ, ವಚನ, ಕಾಯಗಳಿಂದ ಆಗಬಹುದು. ತಾನೇ ಮಾಡಬಹುದು, ಇನ್ನೊಬ್ಬರಿಂದ ಮಾಡಿಸಬಹುದು, ಮಾಡುವವರನ್ನು ಅನುಮೋದಿಸಬಹುದು. ಪ್ರತಿಯೊಂದರ ಹಿಂದೆಯೂ ಕ್ರೋಧ, ಮಾನ, ಮಾಯೆ, ಲೋಭಗಳಲ್ಲಿ ಒಂದು ಇರಬಹುದು. ಮೂರನ್ನು ಮೂರರಿಂದ, ಮತ್ತೆ ಮೂರರಿಂದ, ಬಳಿಕ ನಾಲ್ಕರಿಂದ ಗುಣಿಸಿದರೆ 108. ಜಪಮಾಲೆಯ ಮಣಿಗಳು ನೂರೆಂಟಾಗಿರುವುದಕ್ಕೆ ಇದೂ ಒಂದು ಕಾರಣವೆಂದು ಹಿರಿಯರು ಹೇಳುವುದುಂಟು. ಇಲ್ಲಿಗೂ ಮುಗಿಯದೆ, ನಿರ್ಜೀವ ವಸ್ತುವನ್ನು ನಿರ್ಮಿಸುವುದು, ಇಡುವುದು, ಒಂದರೊಡನೊಂದನ್ನು ಜೋಡಿಸುವುದು ಕೂಡ ಅಜೀವಾಧಿಕರಣವೆಂದು ಸೂತ್ರ ಮುಂದುವರಿಯುತ್ತದೆ. ವಿನ್ಯಾಸಶಾಲೆಯ ನಕ್ಷೆ, ಸರಬರಾಜುದಾರನ ಬಿಡಿಭಾಗ, ಜೋಡಣಾ ಘಟಕ, ಒಪ್ಪಂದಕ್ಕೆ ಬಿದ್ದ ಸಹಿ, ಸಹಿಗೆ ಬಿದ್ದ ಚಪ್ಪಾಳೆ, ಇವುಗಳಲ್ಲಿ ಯಾವುದೂ ಈ ಲೆಕ್ಕದಿಂದ ಹೊರಗುಳಿಯದು.

ಇನ್ನು ಕೋಪವಿಲ್ಲವೆಂಬ ಮಾತು. ಅದು ನಿಜವೇ ಇರಬಹುದು. ರಣರಂಗದ ಸೈನಿಕನ ಕ್ರೋಧ ಸಂಜೆಗೆ ತಣಿಯುತ್ತದೆ, ಸಂಧಿಯಾದರೆ ಮುಗಿದೇ ಹೋಗುತ್ತದೆ. ಲೋಭಕ್ಕೆ ಸಂಜೆಯಿಲ್ಲ. ಗುಣಸ್ಥಾನಗಳ ವಿವೇಚನೆಯಲ್ಲಿ ಆಚಾರ್ಯರು ತೋರಿಸಿರುವಂತೆ, ಮೋಕ್ಷಮಾರ್ಗದಲ್ಲಿ ಮೇಲೇರುವ ಮಹಾಮುನಿಗೂ ಕ್ರೋಧ, ಮಾನ, ಮಾಯೆಗಳು ಒಂಬತ್ತನೆಯ ಗುಣಸ್ಥಾನದಲ್ಲಿ ಕಳಚಿಹೋದ ಮೇಲೆ ಸೂಕ್ಷ್ಮಲೋಭವೊಂದು ಹತ್ತನೆಯದರವರೆಗೂ ಅಂಟಿಕೊಂಡೇ ಬರುತ್ತದೆ. ಕಷಾಯಗಳಲ್ಲಿ ಕಡೆಗೆ ಸಾಯುವುದು ಲೋಭ. ಕೋಪವಿಲ್ಲದೆ, ಲೆಕ್ಕಪುಸ್ತಕ ಮುಂದಿಟ್ಟುಕೊಂಡು ಮಾಡುವ ಹಿಂಸೆ ಹಗುರವಾದದ್ದೆಂದು ಭಾವಿಸಲು ಶಾಸ್ತ್ರದಲ್ಲಿ ಆಧಾರವಿಲ್ಲ.

ಹಾಗಾದರೆ ಜೈನಧರ್ಮ ಆಯುಧವನ್ನೇ ತಿರಸ್ಕರಿಸಿತೇ? ಇಲ್ಲ. ಆದಿನಾಥರು ಲೋಕಕ್ಕೆ ಕಲಿಸಿದ ಆರು ಜೀವನೋಪಾಯಗಳಲ್ಲಿ ಅಸಿ, ಎಂದರೆ ಖಡ್ಗ, ಮೊದಲನೆಯದು. ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ತನ್ನನ್ನೂ ಆಶ್ರಿತರನ್ನೂ ನಾಡನ್ನೂ ಕಾಯುವಾಗ ಒದಗುವ ವಿರೋಧೀ ಹಿಂಸೆಯನ್ನು ಅವನು ಮಿತಿಗೊಳಿಸಬೇಕು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕನಾಗಿದ್ದ. ಕತ್ತಿ ಹಿಡಿದ ಕೈ ಎಂಬ ಕಾರಣಕ್ಕೆ ಅವನ ಸಮ್ಯಕ್ತ್ವವನ್ನು ಯಾರೂ ಪ್ರಶ್ನಿಸಲಿಲ್ಲ. ಅವನು ಯುದ್ಧಕ್ಕೆ ಹೋದದ್ದು ಒಡೆಯನ ನೆಲ ಉಳಿಸಲು. ಯುದ್ಧ ನಿಂತರೆ ಅವನಿಗೆ ನಷ್ಟವೇನೂ ಇರಲಿಲ್ಲ. ಸೈನಿಕನನ್ನೂ ಶಸ್ತ್ರ ವ್ಯಾಪಾರಿಯನ್ನೂ ಬೇರ್ಪಡಿಸುವ ಗೆರೆ ಇದೇ. ಒಬ್ಬನಿಗೆ ಶಾಂತಿ ಎಂದರೆ ಮನೆಗೆ ಮರಳುವ ದಿನ, ಇನ್ನೊಬ್ಬನಿಗೆ ಖಾಲಿ ಬೀಳುವ ಆದೇಶಪುಸ್ತಕ.

ಭರತ ಚಕ್ರವರ್ತಿಯ ಚಕ್ರರತ್ನದ ಪ್ರಸಂಗವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕು. ಜಿನಸೇನಾಚಾರ್ಯರ ಆದಿಪುರಾಣದ ಪ್ರಕಾರ ಭರತನಿಗೆ ಒಂದೇ ಹೊತ್ತಿನಲ್ಲಿ ಮೂರು ವಾರ್ತೆಗಳು ಬಂದವು: ತಂದೆ ವೃಷಭಸ್ವಾಮಿಗೆ ಕೇವಲಜ್ಞಾನವಾಗಿದೆ, ಆಯುಧಶಾಲೆಯಲ್ಲಿ ಚಕ್ರ ಹುಟ್ಟಿದೆ, ಅಂತಃಪುರದಲ್ಲಿ ಮಗ ಹುಟ್ಟಿದ್ದಾನೆ. ಭರತ ಮೊದಲು ಹೊರಟದ್ದು ಸಮವಸರಣಕ್ಕೆ. ಇಲ್ಲಿಯವರೆಗಿನ ಭಾಗವನ್ನು ಪ್ರವಚನಕಾರರು ವಿಸ್ತಾರವಾಗಿ ಹೇಳುತ್ತಾರೆ. ಆದರೆ ಮುಂದಿನ ಸಂಗತಿ ಇನ್ನೂ ಗಹನವಾದುದು. ಷಟ್ಖಂಡವನ್ನು ಗೆದ್ದು ಹಿಂದಿರುಗಿದಾಗ ಚಕ್ರ ಅಯೋಧ್ಯೆಯ ಬಾಗಿಲಲ್ಲೇ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ಮಣಿದಿಲ್ಲ, ಗೆಲುವು ಪೂರ್ತಿಯಾಗಿಲ್ಲ. ಅರವತ್ತು ಸಾವಿರ ವರ್ಷಗಳ ದಿಗ್ವಿಜಯ ಮುಗಿಸಿ ಮನೆಗೆ ಬಂದ ಅರಸನನ್ನು ಅವನ ಆಯುಧವೇ ಒಳಗೆ ಬಿಡಲಿಲ್ಲ. ಇನ್ನೊಂದು ಯುದ್ಧವನ್ನು ಬೇಡಿತು. ಆಗ ಎರಡೂ ಕಡೆಯ ಮಂತ್ರಿಗಳು ಸೈನ್ಯಗಳನ್ನು ಬದಿಗೆ ಸರಿಸಿ ದೃಷ್ಟಿ, ಜಲ, ಮಲ್ಲ ಎಂಬ ಮೂರು ನಿರಾಯುಧ ಯುದ್ಧಗಳನ್ನು ಏರ್ಪಡಿಸಿದರು. ಮೂರರಲ್ಲೂ ಸೋತ ಭರತ ಮಾತು ಮುರಿದು ಚಕ್ರವನ್ನು ಪ್ರಯೋಗಿಸಿದ. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಭರತನಂಥ ಧರ್ಮಾತ್ಮನ ಕೈಯಿಂದಲೂ ಆಯುಧ ಇಂಥ ಕೆಲಸ ಮಾಡಿಸಿತು ಎಂಬುದನ್ನು ಪುರಾಣ ಮರೆಮಾಚಿಲ್ಲ.

ಕರ್ನಾಟಕಕ್ಕೂ ಈ ವಿಷಯಕ್ಕೂ ಹತ್ತಿರದ ನಂಟಿದೆ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದವರು ಸೊಲ್ಲಾಪುರದ ಜೈನ ಮನೆತನದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹೀರಾಚಂದ್. ಎರಡೇ ವರ್ಷಗಳಲ್ಲಿ ಅದರ ಆಡಳಿತ ಸರ್ಕಾರದ ಕೈಗೆ ಹೋಯಿತು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದಲೇ. ಮಹಾಯುದ್ಧದ ಕಾಲದಲ್ಲಿ ಪರಾಧೀನ ದೇಶವೊಂದು ತನ್ನ ವಿಮಾನವನ್ನು ತಾನೇ ಕಟ್ಟಿಕೊಳ್ಳಬೇಕೆಂದು ಹೊರಟ ಸಾಹಸವನ್ನು ಖರಕರ್ಮವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ದೇಶಕ್ಕೆ ಗಡಿಗಳಿವೆ, ಗಡಿಯಲ್ಲಿ ಬೆದರಿಕೆಯೂ ಇದೆ. ಆದರೆ ಕಾಯುವ ಕಾರ್ಖಾನೆಗೂ ಮಾರುವ ಕಾರ್ಖಾನೆಗೂ ನಡುವಿನ ಗೋಡೆ ತೆಳುವಾದದ್ದು. ಸರ್ಕಾರದ ಅಂಕಿಗಳಂತೆ ಭಾರತದ ರಕ್ಷಣಾ ಸಾಮಗ್ರಿಯ ರಫ್ತು 2013–14ರಲ್ಲಿ 686 ಕೋಟಿ ರೂಪಾಯಿ ಇದ್ದದ್ದು 2024–25ರಲ್ಲಿ 23,622 ಕೋಟಿ ಮುಟ್ಟಿದೆ. ಇದನ್ನು ಸಾಧನೆಯೆಂದು ಕೊಂಡಾಡುವವರಿದ್ದಾರೆ. ಶ್ರಾವಕನಾದವನು ಕೊಂಡಾಡುವ ಮುನ್ನ, ಇದರಲ್ಲಿ ಎಷ್ಟು ಪಾಲು ಗಡಿ ಕಾಯುವ ಶಕ್ತಿ, ಎಷ್ಟು ಪಾಲು ಪರರ ಜಗಳದ ಮೇಲಿನ ಗಳಿಕೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಆ ಗೋಡೆ ಎಷ್ಟು ತೆಳುವೆಂಬುದಕ್ಕೆ ಸ್ವೀಡನ್ನಿನ ಬೋಫೋರ್ಸ್ ಸಾಕ್ಷಿ. 1646ರಲ್ಲಿ ಕಬ್ಬಿಣದ ಕಮ್ಮಟವಾಗಿ ಆರಂಭವಾದ ಆ ಸಂಸ್ಥೆಯನ್ನು 1894ರಲ್ಲಿ ಕೊಂಡವನು ಡೈನಮೈಟ್‌ನ ಜನಕ ಆಲ್ಫ್ರೆಡ್ ನೊಬೆಲ್. ಮರುವರ್ಷವೇ ಅವನು ಬರೆದ ಉಯಿಲಿನಲ್ಲಿ ಶಾಂತಿ ಪ್ರಶಸ್ತಿಯ ಮಾತಿದೆ. ಭಾರತ 1986ರ ಮಾರ್ಚ್‌ನಲ್ಲಿ ಇದೇ ಸಂಸ್ಥೆಯಿಂದ 410 ಫಿರಂಗಿಗಳನ್ನು ಕೊಳ್ಳಲು ಸುಮಾರು 1,437 ಕೋಟಿ ರೂಪಾಯಿಗಳ ಒಪ್ಪಂದ ಮಾಡಿಕೊಂಡಿತು. 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಬಾನುಲಿ ಲಂಚದ ಆರೋಪವನ್ನು ಬಹಿರಂಗಪಡಿಸಿತು. ಮುಂದಿನದು ಎಲ್ಲರೂ ಬಲ್ಲ ಕಥೆ. 1999ರಲ್ಲಿ ಕಾರ್ಗಿಲ್‌ನ ಶಿಖರಗಳಲ್ಲಿ ಸೈನಿಕರ ನೆರವಿಗೆ ಬಂದದ್ದೂ ಅವೇ ಫಿರಂಗಿಗಳು. ಒಂದೇ ಫಿರಂಗಿಯ ಒಂದು ಬದಿಯಲ್ಲಿ ವಿರೋಧೀ ಹಿಂಸೆಯ ಅನಿವಾರ್ಯತೆ, ಇನ್ನೊಂದು ಬದಿಯಲ್ಲಿ ದಲ್ಲಾಳಿಯ ಲೋಭ. ಫಿರಂಗಿ ಒಳ್ಳೆಯದಾಗಿತ್ತೆಂಬ ಮಾತು ಎರಡನೆಯದನ್ನು ಶುದ್ಧಗೊಳಿಸದು.

ಆ ಸಂಸ್ಥೆಯ ಒಳಗಿನಿಂದಲೇ ಬೇರೊಂದು ದನಿಯೂ ಕೇಳಿಬಂದಿತ್ತು. ಇಂಗ್ವಾರ್ ಬ್ರಾಟ್ ಅಲ್ಲಿ ಇಂಜಿನಿಯರ್. ಸ್ವೀಡನ್ನಿನ ಕಾನೂನು ಮಾರಬಾರದೆಂದಿದ್ದ ಕಡೆಗೆ, ದುಬೈ ಮತ್ತು ಬಹರೇನ್‌ಗಳಿಗೆ, ಸಿಂಗಪುರದ ಮೂಲಕ ಕ್ಷಿಪಣಿಗಳು ಹೋಗುತ್ತಿರುವುದನ್ನು ಅವನು ತಿಳಿದ. ಅವನು ಒದಗಿಸಿದ ಮಾಹಿತಿಯ ಆಧಾರದ ಮೇಲೆ ಅಲ್ಲಿನ ಶಾಂತಿ ಸಂಘವೊಂದು 1984ರಲ್ಲಿ ಪೊಲೀಸರಿಗೆ ದೂರಿತ್ತಿತು. ಕಾರ್ಲ್‌ಸ್ಕೋಗಾ ಎಂಬ ಆ ಊರಿನ ಒಲೆ ಉರಿಯುತ್ತಿದ್ದದ್ದೇ ಕಾರ್ಖಾನೆಯ ಸಂಬಳದಿಂದ. ಅಂಥ ಊರಿನಲ್ಲಿ ಇದ್ದುಕೊಂಡು ಹೀಗೆ ಮಾಡುವುದು ಎಷ್ಟು ಕಷ್ಟವೆಂದು, ಒಂದೇ ಕಸುಬನ್ನು ನಂಬಿದ ಕೇರಿಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ಅನುಮೋದನೆಯನ್ನು ಹಿಂದಕ್ಕೆ ಪಡೆಯುವುದೆಂದರೆ ಹೀಗೆ.

ಎ.ಕೆ. 47 ಬಂದೂಕಿನ ವಿನ್ಯಾಸಕ ಮಿಖಾಯಿಲ್ ಕಲಾಶ್ನಿಕೊವ್‌ನದು ಇನ್ನೂ ವಿಚಿತ್ರವಾದ ಸ್ಥಿತಿ. ಅವನು ವ್ಯಾಪಾರಿಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕ. ತಾಯ್ನಾಡಿನ ರಕ್ಷಣೆಗೆಂದು ಬಂದೂಕು ರೂಪಿಸಿದ. ಅದು ಲೋಕದಲ್ಲೆಲ್ಲ ಹರಡಿ, ಮಕ್ಕಳ ಕೈಗೂ ಬಿತ್ತು. ತನ್ನ ತಪ್ಪಿಲ್ಲ, ರಾಜಕಾರಣಿಗಳದು ಎಂದು ಅವನು ಬಹುಕಾಲ ಹೇಳುತ್ತ ಬಂದಿದ್ದ. ಆದರೆ ಇಳಿವಯಸ್ಸಿನಲ್ಲಿ, 2012ರಲ್ಲಿ, ರಷ್ಯಾದ ಧರ್ಮಗುರು ಕಿರಿಲ್ ಅವರಿಗೆ ಪತ್ರ ಬರೆದು ತನ್ನ ಅಂತರಂಗದ ನೋವು ತಾಳಲಾಗದೆಂದೂ, ತನ್ನ ಬಂದೂಕು ತೆಗೆದ ಪ್ರಾಣಗಳಿಗೆ ತಾನು ಹೊಣೆಯೇ ಎಂದೂ ಕೇಳಿದ. 2013ರ ಡಿಸೆಂಬರಿನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಆ ಪತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಶರಕ್ಷಣೆಯ ಆಯುಧವನ್ನು ಚರ್ಚ್ ಬೆಂಬಲಿಸುತ್ತದೆ ಎಂಬ ಉತ್ತರ ಧರ್ಮಪೀಠದ ಕಡೆಯಿಂದ ಬಂತು. ಹೆಚ್ಚೇನೂ ಲಾಭ ಪಡೆಯದವನಿಗೇ ಇಷ್ಟು ನೋವು. ಲಾಭ ಪಡೆದವರು ಬರೆದ ಇಂಥ ಪತ್ರಗಳು ವಿರಳ. ಜೈನ ಪರಂಪರೆಯಲ್ಲಿ ಆಲೋಚನೆ ಎಂಬ ಪ್ರಾಯಶ್ಚಿತ್ತವಿದೆ. ಗುರುವಿನ ಮುಂದೆ ದೋಷವನ್ನು ಬಚ್ಚಿಡದೆ ನಿವೇದಿಸುವುದು. ಆ ಮುದುಕನ ಪತ್ರ ಬಹುಮಟ್ಟಿಗೆ ಅಂಥ ಆಲೋಚನೆಯೇ.

ಇದೆಲ್ಲ ದೊಡ್ಡವರ ಮಾತು, ಪಿಂಚಣಿಯ ಮೇಲೆ ಬದುಕುವ ಗೃಹಸ್ಥನಿಗೆ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬರುವುದು ಅಪಧ್ಯಾನದ ಬಾಗಿಲಿನಿಂದ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟೇ ಗಾತ್ರದ ತಂದುಲಮತ್ಸ್ಯವೊಂದು ವಾಸಿಸುತ್ತದೆಂಬ ಕಥೆ ಜೈನ ಮನೆಗಳಲ್ಲಿ ಪ್ರಸಿದ್ಧ. ಮಹಾಮತ್ಸ್ಯ ಬಾಯಿ ತೆರೆದು ನಿದ್ರಿಸುವಾಗ ಅಸಂಖ್ಯಾತ ಮೀನುಗಳು ಒಳಹೋಗಿ ಹೊರಬರುತ್ತವೆ. ತನಗೆ ಇಂಥ ದೇಹವಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅಕ್ಕಿಕಾಳಿನ ಮೀನು ಚಿಂತಿಸುತ್ತದೆ. ಅದು ಒಂದು ಮೀನನ್ನೂ ತಿಂದಿಲ್ಲ. ಆದರೂ ಏಳನೆಯ ನರಕಕ್ಕೆ ಹೋಯಿತು.

2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ದಾಳಿ ಆರಂಭವಾಗುವ ಮುನ್ನ ಜರ್ಮನಿಯ ರೈನ್‌ಮೆಟಾಲ್ ಎಂಬ ಶಸ್ತ್ರ ಕಂಪನಿಯ ಒಂದು ಷೇರು ನೂರು ಯೂರೋಗೂ ಕಡಿಮೆ ಇತ್ತು. 2025ರ ಮಾರ್ಚ್ ಹೊತ್ತಿಗೆ ಸಾವಿರ ಯೂರೋ ದಾಟಿತ್ತು. ಭಾರತದ ಪೇಟೆಯಲ್ಲೂ ರಕ್ಷಣಾ ವಲಯಕ್ಕೆಂದೇ ಮೀಸಲಾದ ಮ್ಯೂಚುವಲ್ ಫಂಡ್‌ಗಳು ಬಂದಿವೆ. ಇವುಗಳಲ್ಲಿ ಹಣ ತೊಡಗಿಸಿದವನು ದುಷ್ಟನಾಗಬೇಕಿಲ್ಲ. ಮಗಳ ಮದುವೆಗೋ ಮೊಮ್ಮಗನ ಓದಿಗೋ ಕೂಡಿಸಿಟ್ಟದ್ದಿರಬಹುದು. ಆದರೆ ಅಂದಿನಿಂದ ಅವನ ಬೆಳಗಿನ ಪತ್ರಿಕೆ ಬೇರೆಯಾಗುತ್ತದೆ. ಎಲ್ಲೋ ಕದನವಿರಾಮವಾದ ಸುದ್ದಿಯ ಪಕ್ಕದಲ್ಲೇ ಷೇರು ಇಳಿದ ಸುದ್ದಿಯಿದ್ದರೆ ಮನಸ್ಸು ಒಂದು ಕ್ಷಣ ಕುಂದುತ್ತದೆ. ಆ ಕುಂದುವಿಕೆಯನ್ನು ಯಾರೂ ಕಾಣುವುದಿಲ್ಲ. ಕಾರ್ಮಣ ವರ್ಗಣೆಗಳಿಗೆ ಅಷ್ಟು ಸಾಕು. ಪ್ರತಿದಿನ ಸಾಮಾಯಿಕದಲ್ಲಿ ಸರ್ವಜೀವಿಗಳಲ್ಲಿ ಮೈತ್ರಿಯನ್ನು ಭಾವಿಸುವವನು ತನ್ನ ಗಳಿಕೆಯನ್ನು ಮಾತ್ರ ಆ ಮೈತ್ರಿಗೆ ಎದುರಾಗಿ ಒಡ್ಡಿಟ್ಟಂತಾಗುತ್ತದೆ. ಹಣ ಹೂಡುವ ಮುನ್ನ ಅವನಿಗೆ ಕದನವಿರಾಮದ ಸುದ್ದಿ ಬರಿಯ ಒಳ್ಳೆಯ ಸುದ್ದಿಯಾಗಿತ್ತು. ಕಳೆದುಕೊಂಡದ್ದು ಅದನ್ನು.

ಚಾತುರ್ಮಾಸದಲ್ಲಿ ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸುವವರು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಎಂದು ಹತ್ತು ಬಗೆಯ ಪರಿಗ್ರಹಗಳಿಗೆ ಮಿತಿ ಬರೆದುಕೊಳ್ಳುತ್ತಾರೆ. ಷೇರು, ಫಂಡುಗಳು ಪ್ರಾಚೀನ ಪಟ್ಟಿಯಲ್ಲಿ ಇಲ್ಲದಿದ್ದರೂ ಧನದೊಳಗೆ ಬಂದೇ ಬರುತ್ತವೆ. ಎಷ್ಟು ಎಂಬುದರ ಜೊತೆಗೆ ಯಾವುದರಿಂದ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲ. ಮದ್ಯ, ಮಾಂಸದ ಕಂಪನಿಗಳ ಷೇರು ಬೇಡವೆನ್ನುವ ಶ್ರಾವಕರು ಈಗಾಗಲೇ ಇದ್ದಾರೆ. ಯಾವ ಫಂಡ್ ಯಾವ ಯಾವ ಕಂಪನಿಗಳಲ್ಲಿ ಹಣವಿಟ್ಟಿದೆ ಎಂಬ ವಿವರವನ್ನು ನಿಯಮದಂತೆ ಪ್ರತಿ ತಿಂಗಳೂ ಪ್ರಕಟಿಸಲಾಗುತ್ತದೆ. ಮನೆಯ ಹುಡುಗರಿಗೆ ಹೇಳಿದರೆ ಮೊಬೈಲಿನಲ್ಲೇ ತೆಗೆದುಕೊಡುತ್ತಾರೆ. ಅದನ್ನು ಮೊದಲಿಂದ ಕಡೆಯವರೆಗೆ ಓದಿ ನೋಡಲು ಒಂದು ಸಾಮಾಯಿಕದ ಹೊತ್ತು, ನಲವತ್ತೆಂಟು ನಿಮಿಷ, ಸಾಕಾಗುತ್ತದೆ.